ಬಲ್ಬಿಗೆ ಕೊಟ್ಟ ರಜೆ

ಟಪ್!

ಫಳಕ್ಕನೆ ಒಂದು ಮಿಂಚು, ಆಮೇಲೆ ಪೆಟ್ಟಿಗೆಯೊಳಗೆ ಕತ್ತಲು. ಪುಕ್ಕಲಿಯ ಎದೆ ಧಸಕ್ಕೆಂದಿತು. ಸ್ವಿಚ್ಚನ್ನು ಮತ್ತೆ ಒತ್ತಿದಳು. ಊಹೂಂ. ರಟ್ಟಿನ ಪೆಟ್ಟಿಗೆಯಲ್ಲಿದ್ದ ಕೋಳಿಮರಿಗಳು ಒಂದೇ ಸಮನೆ ಚಿಂವ್ ಚಿಂವ್ ಅನ್ನತೊಡಗಿದವು.

ಮನೆಯವರು ಅವಳನ್ನು ಪುಕ್ಕಲಿ ಅಂತ ಕರೆಯೋದು ಸುಮ್ಮನೆ ಅಲ್ಲ. ಜಿರಲೆ ಕಂಡರೆ ಮಂಚ ಹತ್ತುವ ಹುಡುಗಿ! ಆದರೂ ಪೇಟೆಗೆ ಹೊರಟ ಚಿಕ್ಕಮ್ಮ ಅವಳಿಗೇ ಹೇಳಿದ್ದಳು: "ತಾಯಿ ಇಲ್ಲದ ಮರಿಗಳು ಕಣೇ. ಈ ಬಲ್ಬಿನ ಬಿಸಿ ಹೋದ್ರೆ ಚಳಿಗೆ ಸತ್ತೇ ಹೋಗ್ತವೆ. ಬಲ್ಬು ಹಳೇದು, ಹೊಸದು ತರ್ತೀನಿ. ಅಲ್ಲೀವರೆಗೂ ನೋಡ್ಕೋ."

ಹಳೇದು ಅಂದದ್ದೇ ತಡ, ಪುಕ್ಕಲಿಗೆ ಭಯ ಹತ್ತಿತ್ತು. ಉರಿದು ಉರಿದು ಸುಸ್ತಾಗಿ ಸುಟ್ಟುಹೋದರೆ? ಅದಕ್ಕೇ ಆಗಾಗ ಆಫ್ ಮಾಡಿ, ಬಲ್ಬಿಗೆ ರೆಸ್ಟ್ ಕೊಟ್ಟು, ಮತ್ತೆ ಆನ್ ಮಾಡುತ್ತಿದ್ದಳು. ಪಾಪ, ಒಳ್ಳೇದಕ್ಕೇ ಮಾಡಿದ್ದು.

ಈಗ ಎಲ್ಲಕ್ಕಿಂತ ಚಿಕ್ಕ ಮರಿ ಕೂಗೋದನ್ನೂ ನಿಲ್ಲಿಸಿ ಮೂಲೆಯಲ್ಲಿ ಮುದುಡಿತ್ತು. 'ಅಯ್ಯೋ, ಸಾಯ್ತಿದೆ! ನನ್ನಿಂದಲೇ!' ಓಡಿಹೋಗಿ ಮಂಚದ ಕೆಳಗೆ ಅಡಗಿಬಿಡೋಣ ಅನ್ನಿಸಿತು. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅಡುಗೆಮನೆಗೆ ಓಡಿ, ಫ್ಲಾಸ್ಕಿನ ಬಿಸಿನೀರನ್ನು ಬಾಟಲಿಗೆ ತುಂಬಿ, ತನ್ನ ಸ್ವೆಟರ್ ಸುತ್ತಿ, ಮರಿಗಳ ನಡುವೆ ಇಟ್ಟಳು. ಚಿಕ್ಕದನ್ನು ಎದೆಗೆ ಅವುಚಿಕೊಂಡಳು.

ಚಿಕ್ಕಮ್ಮ ಬಂದಾಗಲೂ ಹಾಗೇ ಕೂತಿದ್ದಳು. "ರೆಸ್ಟ್ ಕೊಟ್ಟೆ ಚಿಕ್ಕಮ್ಮ... ಸುಟ್ಟೋಯ್ತು" ಅಂತ ಬಿಕ್ಕಿದಳು.

ಚಿಕ್ಕಮ್ಮ ಮೊದಲು ಹೊಸ ಬಲ್ಬು ಹಾಕಿದಳು. ಆಮೇಲೆ ಹಳೇದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಾಜಿನ ಒಳಗೆಲ್ಲ ಕಪ್ಪು.

"ನೋಡು, ಈ ಕಪ್ಪು ಒಳಗಿನ ತಂತಿಯದ್ದೇ. ಬಿಸಿಗೆ ಚೂರು ಚೂರೇ ಆವಿಯಾಗಿ ಗಾಜಿಗೆ ಅಂಟಿದೆ. ತಂತಿ ಸವೀತಾನೇ ಇತ್ತು. ಸವೆದ ಜಾಗ ಇನ್ನೂ ಜಾಸ್ತಿ ಕಾಯುತ್ತೆ, ಇನ್ನೂ ಬೇಗ ಸವೆಯುತ್ತೆ."

"ಹಾಗಾದ್ರೆ ನಾನಲ್ವಾ?"

"ನೀನೂ ಸ್ವಲ್ಪ!" ಚಿಕ್ಕಮ್ಮ ನಕ್ಕಳು. "ತಣ್ಣಗಿರೋ ತಂತಿಗೆ ಸ್ವಿಚ್ ಹಾಕಿದ್ರೆ ಕರೆಂಟು ಒಮ್ಮೆಲೇ ನುಗ್ಗುತ್ತೆ. ಗಟ್ಟಿ ತಂತಿ ತಡ್ಕೊಳ್ಳುತ್ತೆ. ಸವೆದದ್ದು ಪಟ್ ಅನ್ನುತ್ತೆ. ನೀನು ಕೊಟ್ಟ ರಜೆ ಅದಕ್ಕೆ ಏಟು ಕಣೇ."

ಅಷ್ಟರಲ್ಲಿ ಪುಕ್ಕಲಿಯ ಎದೆಯ ಹತ್ತಿರ ಏನೋ ಕುಟುಕಿತು. ಚಿಂವ್! ಅವಳಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಚಿಕ್ಕಮ್ಮ ಮತ್ತೆ ಹೊರಗೆ ಹೋದಳು. ಬಲ್ಬು ಉರಿಯುತ್ತಿತ್ತು. ಪುಕ್ಕಲಿಯ ಎದೆ ಡವಡವ ಅಂತು, ಕೈ ಸ್ವಿಚ್ಚಿನವರೆಗೂ ಹೋಯಿತು. ಅಲ್ಲೇ ನಿಂತಿತು.

ಉರಿದರೆ ಸವೆಯುತ್ತೆ. ಸವೆಯಲಿ. ಮರಿಗಳು ಅದರ ಕೆಳಗೆ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದವು.

ಅವಳು ಕೈ ಹಿಂದಕ್ಕೆ ತಗೊಂಡಳು. ಅಡುಗೆಮನೆಯಿಂದ ಬಿಸಿನೀರಿನ ಫ್ಲಾಸ್ಕು ತಂದಿಟ್ಟು, ಮಡಿಲಲ್ಲಿ ಸ್ವೆಟರ್ ಇಟ್ಟುಕೊಂಡು, ಪೆಟ್ಟಿಗೆಯ ಪಕ್ಕ ಕೂತಳು.