ಹೊಗೆರಾಣಿಯ ಮುಖ ತೊಳೆದವರು

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲು ಮುಂದಕ್ಕೆ ಹಾಕಿ. ಇದು ಅರಮನೆಯ ವಿಷಯ, ಯಾರ ಹತ್ತಿರವೂ ಬಾಯಿ ಬಿಡಕೂಡದು. ಆಣೆ ಇಟ್ಟಿರಾ? ಸರಿ.

ಎಷ್ಟೋ ಕಾಲದ ಹಿಂದೆ ಕಂಚುಗಿರಿ ಎಂಬ ರಾಜ್ಯದಲ್ಲಿ ಹೊಗೆರಾಣಿ ಎಂಬ ಉಗಿಬಂಡಿ ಇತ್ತು. ಹಳಿ ಇದ್ದಲ್ಲಿ ಹಳಿಯ ಮೇಲೆ, ಹಳಿ ಮುಗಿದಲ್ಲಿ ಮೋಡದ ಮೇಲೆ ಓಡುತ್ತಿತ್ತು. ಮಾತೂ ಆಡುತ್ತಿತ್ತು. ಆಮೇಲೆ ಜನರಿಗೆ ಹಾರುವ ಪಾದುಕೆ ಸಿಕ್ಕವು. ಬಂಡಿ ಶೆಡ್ಡಿನಲ್ಲಿ ನಿಂತಿತು, ನಿಂತು ನಿಂತು ಮೂಕವಾಯಿತು.

ಅದನ್ನು ಕಾಯುತ್ತಿದ್ದವಳು ಚಿಕ್ಕತಾಯಿ. ನಲವತ್ತು ವರ್ಷ ಗುಡಿಸಿ ಒರೆಸಿ ಅವಳ ಮಂಡಿ ಸವೆದಿತ್ತು. ಬಂಡಿಯ ಸುತ್ತ ಹಗ್ಗ ಕಟ್ಟಿ, ಮಕ್ಕಳು ಬಂದಾಗಲೆಲ್ಲ "ಮುಟ್ಟಬೇಡ್ರೋ!" ಎಂದು ಕೂಗಿ ಗಂಟಲೂ ಸವೆದಿತ್ತು.

ಕಿಲುಬಯ್ಯ ಎಂಬ ಮಾಂತ್ರಿಕನಿಗೆ ಕಬ್ಬಿಣವೇ ಊಟ. ಅವನಿಗೂ ರಾಜನ ಭಾವಮೈದುನನಿಗೂ, ಅಂದರೆ ರಾಣಿಯ ತಮ್ಮನಿಗೂ, ಅದೇನು ಸ್ನೇಹ ಅಂತೀರಿ! ಭಾವಮೈದುನ ಕಿಲುಬಯ್ಯನ ಮನೆಯಲ್ಲಿ ಹೋಳಿಗೆ ಊಟ ಮಾಡಿ ಬಂದ ಮಾರನೆಯ ದಿನವೇ ರಾಜ ಡಂಗುರ ಹೊಡೆಸಿದ: "ಮೂರು ದಿನದೊಳಗೆ ಈ ಬಂಡಿ ಬೇಕೆಂದು ಒಂದು ಮಗುವಾದರೂ ಹಟ ಹಿಡಿದು ಅಳಬೇಕು. ಇಲ್ಲದಿದ್ದರೆ ಬಂಡಿ ಕಿಲುಬಯ್ಯನ ಪಾಲು."

ಮೊದಲ ದಿನ ಚಿಕ್ಕತಾಯಿ ಮಕ್ಕಳನ್ನು ಕೂರಿಸಿ, ಹಳಿ ಹಾಸಿದವರ ಕತೆ ಹೇಳಿದಳು. ಮಕ್ಕಳು ಆಕಳಿಸಿದರು. ಎರಡನೆಯ ದಿನ ಕೊಬ್ಬರಿ ಮಿಠಾಯಿ ಹಂಚಿದಳು. ಮಕ್ಕಳು ಅತ್ತರು, ಮಿಠಾಯಿ ಮುಗಿಯಿತಲ್ಲ ಎಂದು. ಮೂರನೆಯ ದಿನ ಅವಳಿಗೆ ಮೇಲೇಳಲೂ ಆಗಲಿಲ್ಲ. ಹಗ್ಗ ಕಟ್ಟದೆ, ಹುಣಸೆಹಣ್ಣಿನ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಗುಂಡವ್ವ ಎಂಬ ಹುಡುಗಿ ಬಂಡಿಯ ಮೂತಿಯನ್ನು ಬೆರಳಿನಿಂದ ಗೀಚಿದಳು. ಬೈಯಲು ಚಿಕ್ಕತಾಯಿಗೆ ಉಸಿರಿರಲಿಲ್ಲ.

"ಗೀಚಬೇಡ ಕಣೆ. ಈ ಹುಣಸೆಹಣ್ಣು ಹಾಕಿ ಉಜ್ಜು. ನನ್ನ ಕೈಲಾಗಲ್ಲ."

ಗುಂಡವ್ವ ಉಜ್ಜಿದಳು. ಹಿತ್ತಾಳೆ ಹೊಳೆಯಿತು. ಬಂಡಿ ಒಂದು ಕಣ್ಣು ತೆರೆಯಿತು.

"ಯಾರವ್ವ ನನ್ನ ಮುಖ ತೊಳೀತಿರೋದು? ಕಿವಿ ಹಿಂದೆನೂ ಉಜ್ಜು, ಕೊಳೆ ಕೂತಿದೆ."

ಕೇಳಬೇಕೆ? ಊರ ಮಕ್ಕಳೆಲ್ಲ ಮುತ್ತಿಕೊಂಡರು. ಒಬ್ಬ ಗಾಲಿಗೆ ಎಣ್ಣೆ ಬಿಟ್ಟ, ಒಬ್ಬಳು ತೊಟ್ಟಿಗೆ ನೀರು ತುಂಬಿದಳು.

ಸಂಜೆಗೆ ಕಿಲುಬಯ್ಯ ನಾಲಗೆ ಚಪ್ಪರಿಸುತ್ತಾ ಬಂದ. ಹಿಂದೆ ರಾಜ, ಪಕ್ಕದಲ್ಲಿ ಭಾವಮೈದುನ.

"ಇದು ನಮ್ಮ ಬಂಡಿ! ಕೊಡಲ್ಲ!" ಗುಂಡವ್ವ ಗಾಲಿ ತಬ್ಬಿ, ಕಾಲು ಬಡಿದು, ಊರೇ ಕೇಳುವಂತೆ ಅತ್ತಳು. ಮಿಕ್ಕ ಮಕ್ಕಳೂ ಶುರುವಿಟ್ಟುಕೊಂಡರು. ಆ ಗದ್ದಲಕ್ಕೆ ಬಂಡಿಯ ಒಲೆ ತಾನೇ ಹೊತ್ತಿಕೊಂಡಿತು. ಹೊಗೆರಾಣಿ ಒಂದು ಸಿಳ್ಳೆ ಹಾಕಿದಳು. ಕಿಲುಬಯ್ಯ ನಿಂತಲ್ಲೇ ತುಕ್ಕಿನ ಪುಡಿಯಾಗಿ ಉದುರಿದ. ಭಾವಮೈದುನನ ಕೈಗೆ ರಾಜ ಪೊರಕೆ ಕೊಟ್ಟು ಗುಡಿಸಿಸಿದ. ರಾಣಿ ಮೂರು ದಿನ ಊಟ ಬಿಟ್ಟಳಂತೆ, ಇದನ್ನಂತೂ ಹೇಳಲೇಬೇಡಿ.

ಅಂದಿನಿಂದ ವಾರಕ್ಕೊಮ್ಮೆ ಮಕ್ಕಳೇ ಉಜ್ಜಿದರು, ಮಕ್ಕಳೇ ಮೋಡ ಸುತ್ತಿ ಬಂದರು, ರಾಜ್ಯವೆಲ್ಲ ನಗುನಗುತ್ತಾ ಬಾಳಿತು. ಚಿಕ್ಕತಾಯಿ ನಲವತ್ತು ವರ್ಷದ ಮೇಲೆ ಕಾಲು ಚಾಚಿ ಕುಳಿತು, "ಆ ಹಾಳಾದವನಿಂದ ಬಂಡಿ ಉಳೀತಲ್ಲ" ಎಂದಳು.

ಪಕ್ಕದ ಮನೆಯ ನಿಂಗಾಜಿ ಅವಳ ಮುಖಕ್ಕೇ ಹೇಳಿದಳು:

"ಅವನು ಬಂದಿದ್ದು ಮೊನ್ನೆ ಕಣೆ. ನಲವತ್ತು ವರ್ಷ ಹಗ್ಗ ಕಟ್ಟಿ ಅದನ್ನ ಮೂಕಿ ಮಾಡಿದ್ದು ನೀನು."