ಎರಡು ಸಲ ಹೊತ್ತ ಮಣ್ಣು

"ಅಜ್ಜಿ, ಇಸವಿ ಹೇಳು ಅಂದ್ರೆ ಇಸವಿ ಹೇಳು!" ರತ್ನ ಕಾಲು ಅಪ್ಪಳಿಸಿದಳು.

ಅಜ್ಜಿ ಮುನಿಗಂಗಮ್ಮ ತಲೆ ಎತ್ತಲಿಲ್ಲ. ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚುತ್ತಾ, "ಹೇಳಿದ್ನಲ್ಲೇ, ನಿಮ್ಮ ದೊಡ್ಡಪ್ಪ ಹೊಟ್ಟೇಲಿದ್ದಾಗ," ಎಂದರು.

"ಅದು ಇಸವಿನಾ?"

ರತ್ನ ಶಿಡ್ಲಘಟ್ಟದ ಸ್ಕೂಲಿನಲ್ಲಿ ಐದನೇ ಕ್ಲಾಸು. ನಾಳೆ ಇನ್‌ಸ್ಪೆಕ್ಟರು ಬರುತ್ತಾರೆ. ಚೆನ್ನರಾಯಪ್ಪ ಮೇಷ್ಟ್ರು ಅವಳಿಗೇ ಹೇಳಿದ್ದರು: "ನಮ್ಮೂರ ರೈಲಿನ ಚರಿತ್ರೆ ಹತ್ತು ಸಾಲು ಬರ್ಕೊಂಡು ಬಾ. ನೀನೇ ಓದ್ಬೇಕು. ರೈಲು ಬಂದ ಇಸವಿ ಮರೀಬೇಡ."

ಯಾರನ್ನು ಕೇಳಿದರೂ ಅದೇ ಗೋಳು. ಅಪ್ಪ "ಮಹಾರಾಜರ ಕಾಲದ್ದು ಕಣಮ್ಮ" ಅಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಸ್ಟೇಷನ್ ಮಾಸ್ಟರು "ನಾನು ಈ ಊರಿಗೆ ಬಂದು ಆರು ತಿಂಗಳಾಯ್ತಷ್ಟೆ. ಟಿಕೆಟ್ ಬೇಕಾ?" ಎಂದರು. ಎದುರುಮನೆ ಆವುಲಪ್ಪನವರು ಇಪ್ಪತ್ತು ವರ್ಷ ಕಂಬಿ ರಿಪೇರಿ ಮಾಡಿದವರು. ಚಿಂತಾಮಣಿವರೆಗೆ ಎಲ್ಲೆಲ್ಲಿ ಮೋರಿ ಇದೆ ಅಂತ ಬೆರಳು ಮಡಿಸಿ ಮಡಿಸಿ ಹೇಳಿದರು. ಅರ್ಧ ಗಂಟೆ! ಇಸವಿ ಮಾತ್ರ ಹೇಳಲಿಲ್ಲ.

"ದೊಡ್ಡಪ್ಪ ಹೊಟ್ಟೇಲಿದ್ದಾಗ ಅಂತ ಅಷ್ಟು ಗ್ಯಾರಂಟಿಯಾಗಿ ಹೆಂಗೆ ಹೇಳ್ತೀಯ?"

"ಮಣ್ಣು ಹೊತ್ತೋಳು ನಾನಲ್ವೇನೇ? ನಾನು, ನಮ್ಮಕ್ಕ ಅಕ್ಕಯ್ಯಮ್ಮ, ಮೇಲೂರಿಂದ ಬಂದು ಇಲ್ಲೇ ಗುಡಿಸಲು ಹಾಕ್ಕೊಂಡಿದ್ವಿ. ಕಂಬಿ ಹಾಕೋಕೆ ಮೊದಲು ಮಣ್ಣಿನ ಏರಿ ಆಗ್ಬೇಕಲ್ಲ. ಬೇಸಿಗೆಯೆಲ್ಲಾ ಬುಟ್ಟಿ ತಲೆ ಮೇಲಿಟ್ಕೊಂಡು ಹೊತ್ವಿ. ಏರಿ ಮುಗೀತು ಅನ್ನುವಾಗ ಮಳೆ ಹುಯ್ದು, ಕೆರೆ ಕೋಡಿ ಹರಿದು, ಎಲ್ಲಾ ಕೊಚ್ಕೊಂಡು ಹೋಯ್ತು. ಮತ್ತೆ ಮೊದಲಿಂದ ಹೊತ್ವಿ. ಅಷ್ಟೊತ್ತಿಗೆ ನಿಮ್ಮ ದೊಡ್ಡಪ್ಪ ಹುಟ್ಟಿ, ಹೊಂಗೆಮರಕ್ಕೆ ಕಟ್ಟಿದ ಜೋಳಿಗೇಲಿ ಕಿರುಚ್ತಿದ್ದ."

ರತ್ನ ಪೆನ್ಸಿಲ್ ಕಚ್ಚಿದಳು. ಇದನ್ನೆಲ್ಲಾ ಬರೆದರೆ ಇಡೀ ಕ್ಲಾಸು ನಗುತ್ತದೆ.

"ಹೋಗಜ್ಜಿ, ನಿನ್ನನ್ನ ಕೇಳಿದ್ದೇ ದಂಡ!"

ಅಜ್ಜಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಸೊಪ್ಪು ಹೆಚ್ಚತೊಡಗಿತು.

ಮಾರನೇ ದಿನ ಮಕ್ಕಳೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಹತ್ತು ಗಂಟೆಯಿಂದ ಕೈಕಟ್ಟಿ ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು. ಇನ್‌ಸ್ಪೆಕ್ಟರ ಸುಳಿವೇ ಇಲ್ಲ. ಒಂದು ಗಂಟೆ ಹೊಡೆಯುವಾಗ ಬಂದರು, ಕೋಟಿನ ತುಂಬಾ ಮಸಿ.

"ಕಂಬಿ ಮೇಲೆ ಎಮ್ಮೆಗಳು ಮಲಗಿದ್ವು ಕಣ್ರೀ! ಅವು ಏಳೋವರೆಗೂ ರೈಲು ನಿಂತೇ ಇತ್ತು. ಚಿಕ್ಕಬಳ್ಳಾಪುರದಿಂದ ನಡ್ಕೊಂಡು ಬಂದಿದ್ರೆ ಇಷ್ಟೊತ್ತಿಗೆ ಊಟ ಆಗಿರೋದು. ಈ ದರಿದ್ರ ರೈಲನ್ನ ಕಟ್ಟಿದ ಪುಣ್ಯಾತ್ಮ ಯಾರ್ರೀ?"

ಮೇಷ್ಟ್ರು ಗಾಬರಿಯಾಗಿ ರತ್ನಳ ಕಡೆ ಕೈ ತೋರಿಸಿದರು. "ಓದಮ್ಮ, ಓದು."

ರತ್ನ ಎದ್ದು ನಿಂತಳು. 'ದರಿದ್ರ' ಅನ್ನುವ ಮಾತು ಕಿವಿಯಲ್ಲೇ ಕೂತಿತ್ತು. ಕೆನ್ನೆ ಬಿಸಿಯಾಯಿತು. ಮೋರಿಗಳ ಲೆಕ್ಕ ಬರೆದ ಹಾಳೆ ಕೈಯಲ್ಲಿತ್ತು, ಬಾಯಿಂದ ಬಂದದ್ದೇ ಬೇರೆ.

"ನಮ್ಮಜ್ಜಿ ಕಟ್ಟಿದ್ದು ಸಾರ್."

ಕ್ಲಾಸು ಗೊಳ್ಳೆಂದು ನಕ್ಕಿತು.

"ಎರಡು ಸಲ!" ರತ್ನ ಕೂಗಿದಳು. "ಮೊದಲ್ನೇ ಸಲ ಹೊತ್ತ ಮಣ್ಣು ಮಳೆಗೆ ಕೊಚ್ಕೊಂಡು ಹೋಯ್ತು. ಮತ್ತೆ ಹೊತ್ರು. ಕೈಗೂಸನ್ನ ಮರಕ್ಕೆ ಕಟ್ಟಿ ಹೊತ್ರು. ಇಸವಿ ನಂಗೊತ್ತಿಲ್ಲ ಸಾರ್."

ನಗು ನಿಂತಿತು. ಇನ್‌ಸ್ಪೆಕ್ಟರು ಕರ್ಚೀಫಿನಿಂದ ನಿಧಾನವಾಗಿ ಮುಖ ಒರೆಸಿಕೊಂಡರು.

"ಇಸವಿ ಯಾವ್ದಾದ್ರೂ ಪುಸ್ತಕದಲ್ಲಿರುತ್ತೆ ಬಿಡು," ಎಂದರು. "ಕೂತ್ಕೋಮ್ಮ."

ಸಂಜೆ ರತ್ನ ಮನೆಗೆ ಬಂದು ಅಜ್ಜಿಯ ಪಕ್ಕ ಕೂತಳು.

"ಅಜ್ಜಿ, ಮಣ್ಣು ತುಂಬಾ ಭಾರ ಇತ್ತಾ?"

"ಎರಡನೇ ಸಲದ್ದು ಭಾರ. ಒದ್ದೆ ಮಣ್ಣಲ್ವೇನೇ?" ಅಜ್ಜಿ ಸೆರಗು ಸರಿಸಿ ತಲೆ ಬಗ್ಗಿಸಿದರು. "ಇಗೋ, ಇಲ್ಲಿ ನೋಡು."

ನೆತ್ತಿಯ ಮೇಲೆ ಅಂಗೈಯಗಲ ಕೂದಲೇ ಇರಲಿಲ್ಲ.

ಪ್ರತಿ ಶನಿವಾರ ಆ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ರತ್ನಾನೇ. ಅಲ್ಲಿ ಕೂದಲಿಲ್ಲ ಅನ್ನುವುದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.