ಅಂಟಬಾರದ ಜಾಗ

“ಇದೇನ್ರಿ ಮೇಡಂ, ತಲಿ ಬಾಚೂ ಹಣಗಿ ಏನು?”

ಬನಹಟ್ಟಿಯ ಸಣ್ಣ ಅಂಗಡಿಯಲ್ಲಿ, ಉಮಾಶ್ರೀ ಬರೆದು ತಂದ ಚಿತ್ರವನ್ನು ತಲೆಕೆಳಗಾಗಿ ಹಿಡಿದು ಕೇಳಿದ ಸೋಮಲಿಂಗ. ಸೀರೆಯ ಮೂಟೆಗಳ ಮೇಲೆ ಹೆಸರು ಒತ್ತುವ ರಬ್ಬರ್ ಮುದ್ರೆ, ಅಂದರೆ ಶಿಕ್ಕಾ, ಮಾಡುವುದು ಅವನ ಕಸುಬು.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಕಣ್ಣುಗಳಲ್ಲಿ ಅಣಕವಿರಲಿಲ್ಲ...

ಉಮಾಶ್ರೀ ಜಮಖಂಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಮಾತನ್ನು ಅಳೆದು ಆಡುವವಳು. ಆಡಿದ ಮೇಲೂ ತಪ್ಪಾಯಿತೇನೋ ಎಂದು ದಿನವಿಡೀ ಒಳಗೇ ತಿರುವಿ ನೋಡುವವಳು.

ಆದರೆ ಅಂದು ಅರ್ಧ ತಾಸು ಮಾತಾಡಿದಳು. ರಕ್ತ ಪರೀಕ್ಷೆಗೆ ಒಂದು ಸ್ಟ್ರಿಪ್ ಮಾಡಬೇಕಿದೆ. ಪಾಲಿಮರ್ ಹಾಳೆಯ ಮೇಲೆ ಶಿಕ್ಕಾ ಒತ್ತಿದ ಗೆರೆಯಲ್ಲಿ ಮಾತ್ರ ಪ್ರೋಟೀನು ಕೂರಬೇಕು, ನಡುವಿನ ಜಾಗ ಖಾಲಿ ಉಳಿಯಬೇಕು. ಎರಡು ವರ್ಷದಿಂದ ಅದು ಎಲ್ಲೆಂದರಲ್ಲಿ ಅಂಟುತ್ತಿದೆ...

ಅವನು ನಗಲಿಲ್ಲ. ಶನಿವಾರ ಶಿಕ್ಕಾ ಹಿಡಿದು ತಾನೇ ಬಸ್ಸಿನಲ್ಲಿ ಅವಳ ಪ್ರಯೋಗಾಲಯಕ್ಕೆ ಬಂದ. ಮುಂದಿನ ಶನಿವಾರವೂ ಬಂದ. ನೀಲಿ ದೀಪದಡಿ, ಪ್ರೋಟೀನು ಅಂಟಿದ ಹಾಳೆಯೆಲ್ಲ ಹಸಿರಾಗಿ ಹೊಳೆಯುವುದನ್ನು, ಅವಳ ಮುಖ ಬಾಡುವುದನ್ನು ನೋಡಿದ.

ಮೂರನೆಯ ಶನಿವಾರ ಮೆಲ್ಲಗೆ ಹೇಳಿದ.

“ನೂಲಿಗೆ ಬಣ್ಣಾ ಹಾಕೂ ಮುಂದ, ಅಂಟಬಾರದ ಕಡೆ ಮದಲ ದಾರಾ ಬಿಗದ ಕಟ್ಟತಾರ್ರಿ. ನೀವು ಬರೇ ಅಂಟೂ ಜಾಗಾ ನೋಡಾಕತ್ತೀರಿ. ಅಂಟಬಾರದ ಜಾಗಾ ಮದಲ ಮುಚ್ಚರಿ.”

ಪ್ರೋಟೀನನ್ನು ದೂರವಿಡುವ ದ್ರಾವಣ ಅವಳಲ್ಲಿತ್ತು. ಅದನ್ನು ಕೊನೆಗೆ ಸವರುತ್ತಿದ್ದಳು. ಮೊದಲೇ, ಗೆರೆ ಬಿಟ್ಟು ನಡುವಿನ ಜಾಗಕ್ಕಷ್ಟೇ ಒತ್ತಿದರೆ?

ಹಾಗಾದರೆ ಉಲ್ಟಾ ಶಿಕ್ಕಾ ಬೇಕೆಂದ ಸೋಮಲಿಂಗ. ಬಾಗಿಲಲ್ಲಿ ತಿರುಗಿ ಒಮ್ಮೆ ನಕ್ಕ. ಆ ನಗುವಿಗಾಗಿ ಅವಳು ಇಡೀ ವಾರ ಕಾದಳು...

ಶನಿವಾರ ಬಂದದ್ದು ಶಿಕ್ಕಾ ಮಾತ್ರ. ಕಾಲೇಜಿನ ಜವಾನ ಸಿದರಾಯ ತಂದುಕೊಟ್ಟ. ಬನಹಟ್ಟಿಯವರು ಬಾಗಿಲ ತನಕ ಬಂದಿದ್ದರಂತೆ. ಮೇಡಂ ಫೋನಿನಲ್ಲಿದ್ದರು ಎಂದು ಕೊಟ್ಟು ಹೋದರಂತೆ.

ಮೊದಲ ಸಲಕ್ಕೇ ಗೆರೆಗಳು ಮೂಡಿದವು! ಹಸಿರು ಗೆರೆ, ನಡುವೆ ಕಪ್ಪು, ಮತ್ತೆ ಹಸಿರು. ಆದರೆ ತೋರಿಸಬೇಕಾದವನು ಫೋನು ಎತ್ತಲಿಲ್ಲ. ಒಂದು ಶನಿವಾರ ಹೋಯಿತು. ಇನ್ನೊಂದೂ ಹೋಯಿತು.

‘ನಾನೇನು ತಪ್ಪು ಆಡಿದೆ?’ ಪ್ರತಿ ಮಾತನ್ನೂ ತಿರುವಿ ನೋಡಿದಳು. ಸಿಗಲಿಲ್ಲ.

ಕೊನೆಗೆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಬನಹಟ್ಟಿಯ ಬಸ್ಸು ಹತ್ತಿದಳು.

ಅಂಗಡಿಯ ಕಟ್ಟೆಯ ಮೇಲೆ ಅವನ ತಾಯಿ ರತ್ನಾಬಾಯಿ ನೂಲು ಸುತ್ತುತ್ತ ಕೂತಿದ್ದರು.

“ಅದು ಒಳಗ ಐತಿ ನೋಡವಾ. ಹದಿನೈದ ದಿನಾ ಆತು, ಸರಿಯಾಗಿ ಉಂಡಿಲ್ಲ ಅದು.”

ಉಮಾಶ್ರೀ ನಿಂತಲ್ಲೇ ನಿಂತಳು.

ಅದು... ಈ ಕಡೆ ತೀರಾ ಮುದ್ದಿನವರೂ ‘ಅದು’, ತೀರಾ ಬೇಡವಾದವರೂ ‘ಅದು’. ಆ ಶನಿವಾರ ಫೋನಿನಲ್ಲಿ ಗೆಳತಿ ಅಕ್ಷತಾಗೆ ತಾನು ಹೇಳಿದ್ದೇನು? ‘ಬ್ಯಾಡಂದಲ್ಲೇ ಬಂದು ಅಂಟಕೊಳ್ಳಾಕತ್ತೈತಿ ಅದು. ಇನ್ನ ಜಾಗಾನ ಕೊಡೂದಿಲ್ಲ ಅದಕ್ಕ.’

ಆಗ ಅವನು ಬಾಗಿಲಲ್ಲಿದ್ದ!

ಒಳಗೆ ಸೋಮಲಿಂಗ ತಲೆ ಎತ್ತಲಿಲ್ಲ. ಇನ್ನೊಂದು ಶಿಕ್ಕಾ ಬೇಕಿತ್ತೇನು ಎಂದು ಮಾತ್ರ ಕೇಳಿದ.

ಅಳೆದು ತಂದಿದ್ದ ಮಾತೆಲ್ಲ ಮರೆತುಹೋಯಿತು.

“ಅವತ್ತ ನಾ ಅದು ಅಂದಿದ್ದು ಪ್ರೋಟೀನಿಗ್ರಿ.”

ರಬ್ಬರ್ ಕೊರೆಯುತ್ತಿದ್ದ ಅವನ ಕೈಯ ಚಾಕು ನಿಂತಿತು. ಅವಳು ಹಾಳೆಯನ್ನು ಮುಂದಿಟ್ಟು ನೀಲಿ ಟಾರ್ಚು ಹಿಡಿದಳು. ಅವನ ಶಿಕ್ಕಾದ ಗೆರೆಗಳು ಹಸಿರಾಗಿ ಎದ್ದವು.

“ನಿಮಗ ಅಂದಿದ್ದಲ್ಲ. ನಿಮಗ... ಜಾಗಾ ಎಂದೋ ಕೊಟ್ಟಾಗೇತಿ.”

ಅವನು ಬೆರಳಿನಿಂದ ಗೆರೆಗಳನ್ನು ಸವರಿ ನೋಡಿದ. ನಂತರ ಅವಳನ್ನು.

“ತೊಳದ್ರ ಹೋಗತೈತೇನ್ರಿ?”

“ಮೂರ ಸಲಾ ತೊಳದ ನೋಡೇನಿ. ಹೋಗೂದಿಲ್ಲ.”

ಟಾರ್ಚಿನ ಸುತ್ತ ಅವನ ಕೈ ಅವಳ ಕೈಯನ್ನು ಹಿಡಿಯಿತು. ಗೆರೆಗಳು ಅಲುಗದೆ ನಿಂತವು.

ಕಟ್ಟೆಯಿಂದ ರತ್ನಾಬಾಯಿಯ ದನಿ ಬಂತು. “ಲೇ ಸೋಮ್ಯಾ, ಚಾ ಕುಡಿತೈತೇನ ಕೇಳ ಅದು.”

ಸೋಮಲಿಂಗ ಗಾಬರಿಯಿಂದ ಅವಳ ಮುಖ ನೋಡಿದ. ಉಮಾಶ್ರೀ ನಕ್ಕಳು. ಈ ಸಲ ಅಳೆಯದೆ, ಹೊರಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು.

“ಕುಡಿತೈತ್ರಿ ಅದು.”